ಕಾಫಿ ಬಿಟ್ಟ ದಿನದ ಪ್ಲಸೀಬೊ

ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ಎಂ.ಡಿ. ಓದುತ್ತಿದ್ದಾಗ, ಕಾಫಿ, ಚಹಾಗಳಲ್ಲಿರುವ ಕೆಫೀನ್ 200 ಮಿಲಿಗ್ರಾಂ, ಆತಂಕ ತಗ್ಗಿಸಿ ಮಂಪರು ತರುವ ಲೊರಾಜೆಪಾಮ್ 1 ಮಿಲಿಗ್ರಾಂ, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ 4 ಮಿಲಿಗ್ರಾಂ ಮತ್ತು ಪ್ಲಸೀಬೊ (ನೋಡಲು ಔಷಧದಂತೆಯೇ ಇದ್ದು ಒಳಗೆ ಔಷಧವಿಲ್ಲದ ಹುಸಿಮದ್ದು), ಈ ನಾಲ್ಕೂ ಆರೋಗ್ಯವಂತರ ಗಮನ ಮತ್ತು ಚುರುಕಿನ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದನ್ನು ಹೋಲಿಸುವ ಅಧ್ಯಯನವನ್ನು ಕೈಗೆತ್ತಿಕೊಂಡಿದ್ದೆ. ಸ್ವಯಂಸೇವಕರು 12 ಮಂದಿ. ಪ್ರತಿಯೊಬ್ಬರೂ ವಾರಕ್ಕೊಂದರಂತೆ ನಾಲ್ಕನ್ನೂ ಸೇವಿಸಬೇಕು; ಯಾವ ದಿನ ಯಾವುದು ಎಂಬುದು ಅವರಿಗೂ ತಿಳಿಯದು, ನನಗೂ ತಿಳಿಯದು. ಕೆಫೀನ್ ಕಹಿಯಾದ್ದರಿಂದ ಎಲ್ಲವನ್ನೂ ಒಂದೇ ಬಣ್ಣದ ಕ್ಯಾಪ್ಸೂಲಿನಲ್ಲಿ ತುಂಬಿಸಿದ್ದೆವು. ನೈತಿಕ ಸಮಿತಿಯ ಅನುಮತಿ ಮತ್ತು ಲಿಖಿತ ಒಪ್ಪಿಗೆಯ ಕೆಲಸ ಹೆಚ್ಚಿನ ತೊಡಕಿಲ್ಲದೆ ಮುಗಿಯಿತು.

ನಾನು ಮೊದಲು ಎಡವಿದ್ದು ಪರೀಕ್ಷೆಗಳ ಆಯ್ಕೆಯಲ್ಲಿ. ಪದಗಳ ಪಟ್ಟಿಯನ್ನು ನೆನಪಿಟ್ಟುಕೊಂಡು ಹೇಳುವ ಪರೀಕ್ಷೆಯೊಂದನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ್ದೆ. ಆದರೆ ಬಂದವರಲ್ಲಿ ಮರಾಠಿ, ಗುಜರಾತಿ, ಕನ್ನಡ ಮಾಧ್ಯಮಗಳಲ್ಲಿ ಓದಿದವರೆಲ್ಲ ಇದ್ದರು. ಒಬ್ಬರ ಸ್ಮರಣಶಕ್ತಿಯನ್ನು ಅಳೆಯಲು ಹೋಗಿ ಅವರ ಇಂಗ್ಲಿಷನ್ನು ಅಳೆಯುವ ಅಪಾಯವಿತ್ತು. ಅದನ್ನು ಬಿಟ್ಟು, ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಗೆ ನಿಗದಿಯಾದ ಚಿಹ್ನೆಗಳನ್ನು 90 ಸೆಕೆಂಡುಗಳಲ್ಲಿ ಎಷ್ಟು ಸಾಧ್ಯವೋ ಅಷ್ಟು ಬರೆಯುವ ಪರೀಕ್ಷೆ, ದೀಪ ಹೊತ್ತಿದೊಡನೆ ಗುಂಡಿ ಒತ್ತುವ ಪ್ರತಿಕ್ರಿಯಾ ಸಮಯದ ಪರೀಕ್ಷೆ, ಮಿನುಗುವ ಬೆಳಕು ಯಾವ ವೇಗದಲ್ಲಿ ಸ್ಥಿರವಾಗಿ ಕಾಣತೊಡಗುತ್ತದೆ ಎಂದು ಅಳೆಯುವ ಫ್ಲಿಕರ್ ಪರೀಕ್ಷೆ, ಈ ಮೂರನ್ನು ಉಳಿಸಿಕೊಂಡೆ. ಅಂಕಿ-ಚಿಹ್ನೆಯ ಪರೀಕ್ಷೆಯಲ್ಲಿ ಅಭ್ಯಾಸದಿಂದಲೇ ಅಂಕ ಏರುತ್ತದೆ; ಆದ್ದರಿಂದ ಔಷಧ ಕೊಡುವ ಮೊದಲು ಅಂಕ ಒಂದು ಮಟ್ಟದಲ್ಲಿ ನಿಲ್ಲುವವರೆಗೂ ಅವರಿಂದ ಅದನ್ನು ಮತ್ತೆ ಮತ್ತೆ ಮಾಡಿಸಿದೆ. ಈ ಬೇಸರದ ಕೆಲಸವನ್ನು ಕೈಬಿಟ್ಟರೆ, ನಾಲ್ಕನೆಯ ವಾರದಲ್ಲಿ ಕೊಟ್ಟ ಔಷಧವೇ ಎಲ್ಲಕ್ಕಿಂತ ಉತ್ತಮವೆಂದು ಕಾಣುತ್ತದೆ.

ಅಳೆಯುವ ಹೊತ್ತೂ ಮುಖ್ಯ. ಕೆಫೀನ್ ರಕ್ತದಲ್ಲಿ ಒಂದು ಗಂಟೆಯೊಳಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಲೊರಾಜೆಪಾಮಿಗೆ ಸುಮಾರು ಎರಡು ಗಂಟೆ ಬೇಕು. ಒಂದೇ ಹೊತ್ತಿನಲ್ಲಿ ಅಳೆದರೆ ಯಾವುದೋ ಒಂದಕ್ಕೆ ಅನ್ಯಾಯವಾಗುತ್ತದೆಂದು 1, 2 ಮತ್ತು 4 ಗಂಟೆಗಳಲ್ಲಿ ಅಳೆದೆವು. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬರುತ್ತಿದ್ದವರನ್ನು ಮೊದಲು ಅರ್ಧ ಗಂಟೆ ಸುಮ್ಮನೆ ಕೂರಿಸುತ್ತಿದ್ದೆ.

ಹೀಗೆ ಬರುತ್ತಿದ್ದ ಕನ್ನಡದ ಹುಡುಗನೊಬ್ಬ ಒಂದು ದಿನ, "ಸರ್, ಇವತ್ತು ಬರೀ ಸಕ್ಕರೆ ಪುಡಿ ಕೊಟ್ಟಿದ್ದೀರಿ, ನನಗೇನೂ ಆಗಿಲ್ಲ" ಎಂದು ಪಂಥ ಕಟ್ಟಿದ. ನಿದ್ದೆಯ ಮಂಪರನ್ನು ತಾನೇ ಗುರುತಿಸಬೇಕಾದ 100 ಮಿಲಿಮೀಟರಿನ ಗೆರೆಯ ಮೇಲೂ ಪೂರ್ತಿ ಎಚ್ಚರವಿರುವ ತುದಿಗೇ ಗುರುತು ಹಾಕಿದ. ಚಿಹ್ನೆ ಬರೆಯುವ ಅವನ ವೇಗ ಮಾತ್ರ ಎದ್ದುಕಾಣುವಂತೆ ಕುಸಿದಿತ್ತು. ಕೊನೆಗೆ ಗುಟ್ಟಿನ ಸಂಖ್ಯೆಗಳನ್ನು ಬಿಡಿಸಿದಾಗ ಅಂದು ಅವನು ಸೇವಿಸಿದ್ದು ಲೊರಾಜೆಪಾಮ್ ಎಂದು ತಿಳಿಯಿತು. ಔಷಧ ಯಾವುದೇ ಇರಲಿ, ಯಾರನ್ನೂ ಒಂಟಿಯಾಗಿ ಮನೆಗೆ ಕಳುಹಿಸಬಾರದೆಂಬ ನಿಯಮವನ್ನು ಮೊದಲೇ ಮಾಡಿಕೊಂಡಿದ್ದು ಒಳ್ಳೆಯದಾಯಿತು.

ನನಗೆ ಇಂದಿಗೂ ಕಸಿವಿಸಿಯಾಗುವುದು ಕೆಫೀನಿನ ವಿಷಯದಲ್ಲಿ. ಹಿಂದಿನ ಸಂಜೆಯಿಂದ ಕಾಫಿ ಕುಡಿಯಬಾರದೆಂದು ಸೂಚನಾಪತ್ರದಲ್ಲಿ ಬರೆದಿದ್ದೆ. ಚಹಾದ ಹೆಸರು ಬರೆದಿರಲಿಲ್ಲವಾಗಿ, ಒಬ್ಬರು ಸ್ಟೇಷನ್ನಿನ ಹೊರಗೆ ಕಟಿಂಗ್ ಚಹಾ ಕುಡಿದೇ ಬಂದರು. ಆ ದಿನದ ಪರೀಕ್ಷೆಯನ್ನು ಮುಂದೂಡಬೇಕಾಯಿತು. ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿದವರದು ಬೇರೆಯೇ ತೊಡಕು. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಲ್ಲಿ ಕೆಲವರು ಪ್ಲಸೀಬೊ ದಿನ ಮಧ್ಯಾಹ್ನದ ಹೊತ್ತಿಗೆ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಿದ್ದರು. ಅಂದರೆ ನಾನು ಕೆಫೀನನ್ನು ಹೋಲಿಸಿದ್ದು ಅವರ ಸಹಜ ಸ್ಥಿತಿಯೊಡನೆ ಅಲ್ಲ, ಕಾಫಿ ಬಿಟ್ಟದ್ದರಿಂದ ಮಂಕಾದ ಸ್ಥಿತಿಯೊಡನೆ. ಕೆಫೀನ್ ತೋರಿಸಿದ ಲಾಭದಲ್ಲಿ ಎಷ್ಟು ಪಾಲು ಹೊಸ ಚುರುಕು, ಎಷ್ಟು ಪಾಲು ಕಳೆದುಕೊಂಡದ್ದನ್ನು ಮರಳಿ ಪಡೆದದ್ದು ಎಂದು ನನ್ನ ಅಂಕಿಅಂಶಗಳಿಂದ ಬೇರ್ಪಡಿಸಲಾಗಲಿಲ್ಲ. ಲೊರಾಜೆಪಾಮ್ ಮತ್ತು ಕ್ಲೋರ್‌ಫೆನಿರಮಿನ್‌ಗಳನ್ನು ಅಳೆದದ್ದೂ ಅದೇ ಪ್ಲಸೀಬೊ ದಿನದ ಎದುರಿಗೇ ಆದ್ದರಿಂದ, ಅವು ಮಾಡಿದ ಹಾನಿ ಇದ್ದದ್ದಕ್ಕಿಂತ ಕಡಿಮೆಯೆಂದು ಕಂಡಿರಲೂಬಹುದು. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಇದನ್ನು ಎರಡು ಪುಟಗಳಷ್ಟು ಬರೆದು ಒಪ್ಪಿಕೊಂಡೆ. ಮುಂದಿನ ಅಧ್ಯಯನಕ್ಕೆ ಕಾಫಿ, ಚಹಾ ಎರಡನ್ನೂ ಅಪರೂಪಕ್ಕೆ ಕುಡಿಯುವವರನ್ನೇ ಹುಡುಕಿದೆ. ದಕ್ಷಿಣ ಭಾರತೀಯರು ಹೆಚ್ಚಾಗಿರುವ ಮುಂಬಯಿಯ ಮಾಟುಂಗಾದಲ್ಲಿ ಅಂಥವರು ಸಿಗುವುದು ಸುಲಭವಿರಲಿಲ್ಲ.