ನಿಮ್ಮಜ್ಜ ಯಾವ ಡಿವಿಜನ್‌ನಲ್ಲಿದ್ರು, ಎಲ್ಲೆಲ್ಲಿ ಯುದ್ಧ ಮಾಡಿದ್ರು ಅಂತ ಹುಡುಕೋದು ಹೇಗೆ

ಕೊಡಗಲ್ಲಿ ಯಾವ ಐನ್‌ಮನೆಗೆ (ಮನೆತನದ ಮೂಲಮನೆ) ಹೋದ್ರೂ ಗೋಡೇಲಿ ಯೂನಿಫಾರ್ಮ್ ಫೋಟೋ ಇದ್ದೇ ಇರತ್ತೆ, ಕೇಳಿದ್ರೆ "ಅಜ್ಜ ಮದ್ರಾಸ್ ರೆಜಿಮೆಂಟು" ಅಂತಾರೆ, ಅಲ್ಲಿಗೆ ಮಾತು ಮುಗೀತು. ಆದ್ರೆ ಅಷ್ಟರಿಂದ ಅವರು ಎಲ್ಲಿ ಕಾದಿದ್ರು ಅಂತ ಗೊತ್ತಾಗಲ್ಲ. ರೆಜಿಮೆಂಟ್ ಅನ್ನೋದು ಒಕ್ಕ, ಅಂದ್ರೆ ಮನೆತನ ಇದ್ದಂಗೆ, ಕೊನೇತನಕ ಅದೇ. ಡಿವಿಜನ್ ಹಂಗಲ್ಲ, ಅದು ಯುದ್ಧಕ್ಕೆ ಹೋಗೋ ದೊಡ್ಡ ಪಡೆ. ರೆಜಿಮೆಂಟಿನ ಬೆಟಾಲಿಯನ್‌ಗಳು (ನೂರಾರು ಸೈನಿಕರ ತುಕಡಿ) ಕೆಲವು ಸೇರಿ ಬ್ರಿಗೇಡ್, ಆ ಬ್ರಿಗೇಡ್ ಮೂಲಕ ಡಿವಿಜನ್ನಿಗೆ ಸೇರ್ತವೆ, ವರ್ಷ ಬಿಟ್ಟು ಬೇರೆ ಕಡೆ ಹೋಗ್ತವೆ. ಹಾಗಾಗಿ ಬೆಟಾಲಿಯನ್ ನಂಬರ್ ಮತ್ತೆ ಇಸವಿ, ಎರಡೂ ಬೇಕೇ ಬೇಕು.

ಮೊದ್ಲು ಟ್ರಂಕ್ ತೆಗೀರಿ. ಡಿಸ್ಚಾರ್ಜ್ ಬುಕ್ (ಸೈನ್ಯ ಬಿಡುವಾಗ ಕೊಡೋ ಸೇವೆಯ ದಾಖಲೆ) ಸಿಕ್ರೆ ಅರ್ಧ ಕೆಲಸ ಆಯ್ತು, ಮಳೆಗಾಲದ ತೇವಕ್ಕೆ ಹಾಳೆ ಅಂಟ್ಕೊಂಡಿದ್ರೆ ಎಳೀಬೇಡಿ, ನೆರಳಲ್ಲಿ ಒಣಗ್ಲಿ. ಆಮೇಲೆ ಮೆಡಲ್. ಅದರ ಅಂಚನ್ನ ಬೆಳಕಿಗೆ ಓರೆ ಹಿಡಿದು ನೋಡಿ, ಎಷ್ಟೋ ಮೆಡಲ್‌ಗಳಲ್ಲಿ ಸರ್ವೀಸ್ ನಂಬರು (ಸೈನ್ಯದಲ್ಲಿ ಅವರಿಗೆ ಕೊಟ್ಟ ನಂಬರು), ಹೆಸರು, ಯೂನಿಟ್ ಕೊರೆದಿರ್ತಾರೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ನಮ್ಮನೇಲಿ ಹಾಗೇ ಉಜ್ಜಿ ಉಜ್ಜಿ ಒಂದು ಮೆಡಲ್‌ನ ಅಕ್ಷರ ಸವೆದೇ ಹೋಗಿದೆ, ಈಗ್ಲೂ ಹೊಟ್ಟೆ ಉರಿಯತ್ತೆ. ಬರ್ಮಾ ಸ್ಟಾರ್, ಇಟಲಿ ಸ್ಟಾರ್ ಇದ್ರೆ ಎರಡನೇ ಮಹಾಯುದ್ಧದ್ದು, ಪೂರ್ವಿ ಸ್ಟಾರ್ ಇದ್ರೆ 1971ರಲ್ಲಿ ಬಾಂಗ್ಲಾ ಕಡೆ, ಪಶ್ಚಿಮಿ ಸ್ಟಾರ್ ಆದ್ರೆ ಪಾಕಿಸ್ತಾನದ ಪಶ್ಚಿಮ ಗಡಿ.

ಇಸವಿ ಯಾಕೆ ಅಷ್ಟು ಮುಖ್ಯ ಅಂದ್ರೆ 4ನೇ ಡಿವಿಜನ್ನನ್ನೇ ನೋಡಿ. 1940ರಲ್ಲಿ ಈಜಿಪ್ಟಿನ ಸಿದಿ ಬರಾನಿ, 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟ, 1944ರಲ್ಲಿ ಇಟಲಿಯ ಮಾಂಟೆ ಕ್ಯಾಸಿನೊ. ಅದೇ ಡಿವಿಜನ್ 1962ರ ಚೀನಾ ಯುದ್ಧದಲ್ಲಿ ನೇಫಾದಲ್ಲಿತ್ತು (ಈಗಿನ ಅರುಣಾಚಲ ಪ್ರದೇಶ), ಅಕ್ಟೋಬರ್ 20ಕ್ಕೆ ನಮ್ಕಾ ಚು ಹೊಳೆ ದಂಡೇಲಿ ಅದರ 7ನೇ ಬ್ರಿಗೇಡ್ ಚೀನಿಯರ ಏಟಿಗೆ ಚದುರಿಹೋಯ್ತು. ಮೂರೇ ವರ್ಷ, 1965ರ ಸೆಪ್ಟೆಂಬರಲ್ಲಿ ಪಂಜಾಬಿನ ಖೇಮ್‌ಕರಣ್ ಹತ್ರ ಅಸಲ್ ಉತ್ತರಲ್ಲಿ ಕಬ್ಬಿನ ಗದ್ದೆಗೆ ನೀರು ಬಿಟ್ಟು, ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಕೆಸರಲ್ಲಿ ಹೂತುಹೋಗೋ ಹಾಗೆ ಮಾಡಿ ಹೊಡೆದಿದ್ದೂ ಇದೇ ಡಿವಿಜನ್. 1971ಕ್ಕೆ ಬಾಂಗ್ಲಾದ ಕುಷ್ಟಿಯಾ ಕಡೆ. ಇಲ್ಲೊಂದು ಹುಷಾರು, ಅಸಲ್ ಉತ್ತರಲ್ಲಿ ನಮ್ಮ ಟ್ಯಾಂಕ್‌ಗಳು 2ನೇ ಆರ್ಮರ್ಡ್ ಬ್ರಿಗೇಡಿಂದು, ಡಿವಿಜನ್ನಿನದ್ದಲ್ಲ, ಜೊತೆಗೆ ಕಾದಿದ್ದು ಅಷ್ಟೆ.

1962 ಅಂದ್ರೆ ಮನೇಲಿ ಯಾರೂ ಬಾಯಿ ಬಿಡಲ್ಲ. ಬರ್ಕೊಳ್ಳೋವಾಗ ಅದನ್ನ ಬಿಟ್ಬಿಡಬೇಡಿ, ಅಲ್ಲಿದ್ದವರು ಚಳಿಗೆ ಸರಿಯಾದ ಬಟ್ಟೆನೂ ಇಲ್ದೆ ನಿಂತಿದ್ದವರು.

ಕಾಗದ ಏನೂ ಸಿಗ್ಲಿಲ್ಲ ಅಂದ್ರೆ ಸರ್ವೀಸ್ ನಂಬರ್ ಹಿಡ್ಕೊಂಡು ಮಡಿಕೇರಿ ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲಿ ವಿಚಾರಿಸಿ, ರೆಜಿಮೆಂಟಿನ ರೆಕಾರ್ಡ್ ಆಫೀಸಿಗೂ ಬರೀಬಹುದು, ಮದ್ರಾಸ್ ರೆಜಿಮೆಂಟಿನ ಸೆಂಟರ್ ತಮಿಳುನಾಡಿನ ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ಕೈಲ್‌ಪೊಳ್ದ್‌ಗೆ (ನಮ್ಮ ಆಯುಧಪೂಜೆ ಹಬ್ಬ) ಎಲ್ಲರೂ ಸೇರಿದಾಗ ಫೋಟೋ ಇಳಿಸಿ ದೊಡ್ಡವರ ಕೈಗೆ ಕೊಡಿ, "ಯಾವ ಯುದ್ಧ" ಅಂತ ಕೇಳಬೇಡಿ, "ರಜೆಗೆ ಎಲ್ಲಿಂದ ಬರ್ತಿದ್ರು, ಕಾಗದ ಎಲ್ಲಿಂದ ಬರ್ತಿತ್ತು" ಅಂತ ಕೇಳಿ, ಊರಿನ ಹೆಸರು ತಾನಾಗೇ ಬರತ್ತೆ. ಅದನ್ನ ಅವತ್ತೇ ಫೋಟೋ ಹಿಂದೆ ಪೆನ್ಸಿಲಲ್ಲಿ ಬರೆದಿಡಿ, ಇಂಕ್ ಆದ್ರೆ ನಮ್ಮ ಮಳೆಗೆ ಹರಡತ್ತೆ.