ಇಂಡಕ್ಷನ್ ಒಲೆ: ಮೊದಲು ಪಾತ್ರೆಯ ತಳ ನೋಡಿ, ಆಮೇಲೆ ಬಟನ್ ಒತ್ತಿ

ಇಂಡಕ್ಷನ್ ಒಲೆ ಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ: ಹಾಲು ತಳ ಹಿಡಿಯುತ್ತದೆ, ಬಾಣಲೆಯ ಅಂಚಿನಲ್ಲಿ ಬೇಯುವುದೇ ಇಲ್ಲ, ಒಲೆ ಗುಂಯ್‌ಗುಡುತ್ತದೆ, ಅಡುಗೆ ಅರ್ಧಕ್ಕೆ ಬಂದಾಗ ತಾನಾಗಿ ಆಫ್ ಆಗುತ್ತದೆ. ಇವುಗಳಲ್ಲಿ ಬಹುಪಾಲು ಪಾತ್ರೆಯ ತಪ್ಪು, ಒಲೆಯದಲ್ಲ. ಗಾಜಿನ ಕೆಳಗಿರುವ ತಾಮ್ರದ ಸುರುಳಿಯಲ್ಲಿ 20 ಕಿಲೋಹರ್ಟ್ಸ್‌ಗಿಂತ ಹೆಚ್ಚಿನ ಆವರ್ತನದ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುಳಿಪ್ರವಾಹ (ಲೋಹದೊಳಗೇ ಸುಳಿಯಂತೆ ಸುತ್ತುವ ವಿದ್ಯುತ್) ಹುಟ್ಟಿಸುತ್ತದೆ, ಅದಕ್ಕೆ ಲೋಹ ಒಡ್ಡುವ ತಡೆಯಿಂದ, ಅಂದರೆ ರೋಧದಿಂದ, ತಳ ಕಾಯುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಅಂದರೆ ಅಂಗಡಿಯಿಂದ ನೀವು ತಂದದ್ದು ಅರ್ಧ ಒಲೆ ಮಾತ್ರ, ಇನ್ನರ್ಧ ನಿಮ್ಮ ಪಾತ್ರೆ ಕಪಾಟಿನಲ್ಲಿದೆ.

ಪಾತ್ರೆ ಪರೀಕ್ಷಿಸುವ ಬಗೆ

ಫ್ರಿಜ್ಜಿಗೆ ಅಂಟಿಸುವ ಒಂದು ಆಯಸ್ಕಾಂತ ತೆಗೆದುಕೊಳ್ಳಿ. ಪಾತ್ರೆ ಬೋರಲು ಹಾಕಿ, ತಳದ ನಟ್ಟನಡುವೆ ಇಟ್ಟು ನೋಡಿ, ಅಂಚಿನಲ್ಲಿ ಅಲ್ಲ. 304 ದರ್ಜೆಯ ಸ್ಟೀಲಿಗೆ ಆಯಸ್ಕಾಂತ ಹಿಡಿಯುವುದಿಲ್ಲ. ಆದರೆ ಅದೇ ಸ್ಟೀಲನ್ನು ಒತ್ತಿ ಬಾಗಿಸಿದ ಜಾಗದಲ್ಲಿ, ಅಂದರೆ ತಳ ಗೋಡೆಗೆ ತಿರುಗುವ ಮೂಲೆಯಲ್ಲಿ, ಸ್ವಲ್ಪ ಕಾಂತಗುಣ ಬಂದುಬಿಡುತ್ತದೆ. ಅಲ್ಲಿ ಅಂಟಿದ್ದನ್ನು ನೋಡಿ ಪಾತ್ರೆ ತಂದರೆ ಮನೆಯಲ್ಲಿ ಒಲೆ ಬರೀ ಬೀಪ್ ಎನ್ನುತ್ತದೆ. ನಡುವೆ ಗಟ್ಟಿಯಾಗಿ ಅಂಟಿ, ಕೀಳಲು ಸ್ವಲ್ಪ ಬಲ ಬೇಕಾದರೆ ಪಾತ್ರೆ ಸರಿ. ಅಂಟಿಯೂ ಅಂಟದಂತೆ ಜಾರಿದರೆ ಕೆಲಸ ನಡೆಯಬಹುದು, ಆದರೆ ಪೂರ್ತಿ ಶಕ್ತಿ ಸಿಗುವುದಿಲ್ಲ.

ಬೀಡುಕಬ್ಬಿಣ, ಕಬ್ಬಿಣದ ತಗಡು, ಎನಾಮೆಲ್ ಬಳಿದ ಕಬ್ಬಿಣ, 430 ದರ್ಜೆಯ ಸ್ಟೀಲ್ ಎಲ್ಲವೂ ನಡೆಯುತ್ತವೆ. ಮಣ್ಣು, ಗಾಜು, ಬರೀ ಅಲ್ಯೂಮಿನಿಯಂ, ಬರೀ ತಾಮ್ರ ನಡೆಯುವುದಿಲ್ಲ. ತಾಮ್ರ ಮತ್ತು ಅಲ್ಯೂಮಿನಿಯಂ ವಿದ್ಯುತ್ತನ್ನು ಇಷ್ಟೊಂದು ಚೆನ್ನಾಗಿ ಹರಿಸುವಾಗ ಯಾಕೆ ಕಾಯಬಾರದು ಎಂದು ಕೇಳುವವರಿದ್ದಾರೆ. ಚೆನ್ನಾಗಿ ಹರಿಸುವುದೇ ತೊಂದರೆ. ಕಬ್ಬಿಣದಲ್ಲಿ ಸುಳಿಪ್ರವಾಹ ಮೇಲ್ಮೈಯ ಕೂದಲೆಳೆಯಷ್ಟು ತೆಳುವಾದ ಪದರದಲ್ಲಿ ಇಕ್ಕಟ್ಟಾಗಿ ಹರಿಯುತ್ತದೆ, ರೋಧ ಹೆಚ್ಚು, ಶಾಖವೂ ಹೆಚ್ಚು. ಅಲ್ಯೂಮಿನಿಯಂನಲ್ಲಿ ಆ ಪದರ ಹಲವು ಪಟ್ಟು ದಪ್ಪ, ರೋಧ ತೀರಾ ಕಡಿಮೆ. ಕಾಯುವಷ್ಟು ತಡೆಯೇ ಅಲ್ಲಿರುವುದಿಲ್ಲ.

ಇಂಥ ಪಾತ್ರೆಗಳ ಅಡಿಗೆ ಇಡಲೆಂದು ಕಬ್ಬಿಣದ ಅಡಾಪ್ಟರ್ ತಟ್ಟೆ ಮಾರುತ್ತಾರೆ. ಕೊಳ್ಳಬೇಡಿ. ತಟ್ಟೆ ಕೆಂಡದಂತೆ ಕಾಯುತ್ತದೆ, ಶಾಖ ಪಾತ್ರೆಗೆ ದಾಟುವ ಮೊದಲೇ ಗಾಜು ಬಿಸಿಯಾಗಿ ಒಲೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ.

ಆಯಸ್ಕಾಂತದ ಪರೀಕ್ಷೆ ಮುಗಿದ ಮೇಲೆ ತಳದ ಅಗಲ ನೋಡಿ. ಸುಮಾರು 12 ಸೆಂ.ಮೀ.ಗಿಂತ ಕಿರಿದಾದ ತಳವನ್ನು ಬಹಳಷ್ಟು ಒಲೆಗಳು ಗುರುತಿಸುವುದೇ ಇಲ್ಲ. ತೀರಾ ಅಗಲವಾದರೂ ಕಷ್ಟ, ಸುರುಳಿಯಿಂದ ಹೊರಗೆ ಚಾಚಿದ ಭಾಗ ತಾನಾಗಿ ಕಾಯುವುದಿಲ್ಲ. ನಿಮ್ಮ ಒಲೆಯ ಸುರುಳಿ ಎಷ್ಟು ಅಗಲವಿದೆ ಎಂದು ತಿಳಿಯಲು ಅದನ್ನು ಬಿಚ್ಚಬೇಕಿಲ್ಲ. ಅಗಲವಾದ ಬಾಣಲೆಯಲ್ಲಿ 3 ಮಿ.ಮೀ. ಆಳಕ್ಕೆ ನೀರು ಹಾಕಿ ಮಧ್ಯಮ ಶಕ್ತಿಯಲ್ಲಿ ಇಡಿ. ಮೊದಲ ಗುಳ್ಳೆಗಳು ಉಂಗುರದ ಆಕಾರದಲ್ಲಿ ಏಳುತ್ತವೆ. ಆ ಉಂಗುರದ ಹೊರ ಅಂಚನ್ನು ಅಳೆದುಕೊಳ್ಳಿ, ಅದೇ ಸುರುಳಿಯ ಅಗಲ. ಒಲೆಯ ಮೇಲೆ ಗಾಜಿನಲ್ಲಿ ಬರೆದಿರುವ ವೃತ್ತವನ್ನು ನಂಬಬೇಡಿ, ಎಷ್ಟೋ ಸಲ ಅದು ಅಲಂಕಾರ. ಪಾತ್ರೆಯ ತಳ ಈ ಉಂಗುರಕ್ಕಿಂತ ಎರಡು ಮೂರು ಸೆಂ.ಮೀ. ಹೆಚ್ಚಿದ್ದರೆ ಅಡ್ಡಿಯಿಲ್ಲ, ಹತ್ತು ಹೆಚ್ಚಿದ್ದರೆ ಅಂಚು ಹಸಿಯಾಗಿಯೇ ಉಳಿಯುತ್ತದೆ.

ತಳ ಚಪ್ಪಟೆಯಾಗಿರಬೇಕು. ಬೋರಲು ಹಾಕಿ ಮೇಲೆ ಒಂದು ಸ್ಕೇಲ್ ಅಡ್ಡ ಇಡಿ. ತಣ್ಣಗಿರುವಾಗ ನಡುವೆ ಕಾಗದ ತೂರುವಷ್ಟು ಒಳಗೆ ತಗ್ಗಿದ್ದರೆ ಒಳ್ಳೆಯದೇ, ಕಾದಾಗ ಸಮವಾಗುತ್ತದೆ. ಹೊರಗೆ ಉಬ್ಬಿದ್ದರೆ ಪಾತ್ರೆ ಗಾಜಿನ ಮೇಲೆ ಬುಗುರಿಯಂತೆ ತಿರುಗುತ್ತದೆ, ಎಣ್ಣೆ ಅಂಚಿಗೆ ಓಡುತ್ತದೆ. ಗುಂಡುತಳದ ಬಾಣಲೆಯನ್ನು ಮರೆತುಬಿಡಿ. ಕಾಂತಕ್ಷೇತ್ರ ಗಾಜಿನಿಂದ ಕೆಲವು ಮಿಲಿಮೀಟರ್ ಮೇಲೇರುವಷ್ಟರಲ್ಲೇ ಸೊರಗುತ್ತದೆ.

ದಪ್ಪದ ಲೆಕ್ಕ

ತಳ ಹಿಡಿಯುವ ಕಾಟಕ್ಕೆ ಮೂಲ ಇಲ್ಲಿದೆ. ಶಾಖ ಹರಡುವ ಗುಣವನ್ನು ಅಂಕಿಯಲ್ಲಿ ಹೇಳುವುದಾದರೆ 304 ಸ್ಟೀಲಿಗೆ ಸುಮಾರು 16, ಬೀಡುಕಬ್ಬಿಣಕ್ಕೆ 50ರ ಆಸುಪಾಸು, ಅಲ್ಯೂಮಿನಿಯಂಗೆ ಸುಮಾರು 237, ತಾಮ್ರಕ್ಕೆ ಸುಮಾರು 400 (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್). ಸುರುಳಿಯ ಉಂಗುರದ ನೇರಕ್ಕೆ ಹುಟ್ಟಿದ ಶಾಖ ತೆಳು ಸ್ಟೀಲಿನಲ್ಲಿ ಪಕ್ಕಕ್ಕೆ ಹರಿಯಲಾರದೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಸೀದ ಗುರುತು ಉಂಗುರದಂತೆ ಮೂಡುತ್ತದೆ. ಪರಿಹಾರ ನಡುವೆ ಅಲ್ಯೂಮಿನಿಯಂ ಇರುವ ಪಾತ್ರೆ: ಹೊರಗೆ 430 ಸ್ಟೀಲ್, ನಡುವೆ ಅಲ್ಯೂಮಿನಿಯಂ, ಒಳಗೆ 304. ಟ್ರೈಪ್ಲೈ ಎಂದು ಮಾರುವುದು ಇದನ್ನೇ. ಒಟ್ಟು ದಪ್ಪ 2.5 ಮಿ.ಮೀ.ಗೆ ಕಡಿಮೆ ಇರದಿರಲಿ. ತಳಕ್ಕೆ ಮಾತ್ರ ದಪ್ಪ ಬಿಲ್ಲೆ ಒತ್ತಿರುವ ಪಾತ್ರೆಯೂ ಸಾರು, ಅನ್ನಕ್ಕೆಲ್ಲ ಸಾಕು. ಆದರೆ ಬಿಲ್ಲೆ ತಳದ ಅಂಚಿನವರೆಗೆ ಬಂದಿದೆಯೇ ನೋಡಿ, ಬರದಿದ್ದರೆ ಬಿಲ್ಲೆ ಮುಗಿಯುವ ಗೆರೆಯಲ್ಲಿ ಸೀಯುತ್ತದೆ. ಅಲ್ಯೂಮಿನಿಯಂ ಬಾಣಲೆಯ ಅಡಿಗೆ ತೂತುತೂತಾದ ಸ್ಟೀಲ್ ತಗಡು ಒತ್ತಿ ‘ಇಂಡಕ್ಷನ್ ಬೇಸ್’ ಎಂದು ಬರೆದಿರುವುದು ಎಲ್ಲಕ್ಕಿಂತ ದುರ್ಬಲ, ಕಾಂತಕ್ಷೇತ್ರ ಹಿಡಿಯುವ ಲೋಹವೇ ಅಲ್ಲಿ ಕಡಿಮೆ.

ಬೀಡಿನ ಕಾವಲಿ ಈ ಒಲೆಗೆ ಚೆನ್ನಾಗಿ ಹೊಂದುತ್ತದೆ, ಅವಸರ ಮಾತ್ರ ಕೂಡದು. ಮೊದಲ ಐದು ನಿಮಿಷ 500–600 ವ್ಯಾಟ್‌ನಲ್ಲಿ ಕಾಯಿಸಿ, ಆಮೇಲೆ ಏರಿಸಿ. ತಣ್ಣನೆಯ ಬೀಡನ್ನು ನೇರವಾಗಿ 2,000ಕ್ಕೆ ಒಡ್ಡಿದರೆ ನಡುವೆ ಹಿಗ್ಗಿ ಅಂಚು ಹಿಗ್ಗದೆ ಬಿರುಕು ಬಿಡಬಹುದು.

ಶಕ್ತಿ ಎಷ್ಟಿಡಬೇಕು

ಮೊದಲು ನಿಮ್ಮ ಒಲೆ-ಪಾತ್ರೆ ಜೋಡಿಯನ್ನು ಅಳೆಯಿರಿ. 1 ಲೀಟರ್ ನೀರನ್ನು 25ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 314 ಕಿಲೋಜೂಲ್ ಬೇಕು. 1,800 ವ್ಯಾಟ್‌ನಲ್ಲಿ ಶೇ. 85ರಷ್ಟು ನೀರಿಗೆ ಸೇರಿದರೆ ಮೂರೂವರೆ ನಿಮಿಷದ ಆಸುಪಾಸಿನಲ್ಲಿ ಕುದಿ ಬರಬೇಕು. ಮುಚ್ಚಳ ಹಾಕಿ ಗಡಿಯಾರ ಹಿಡಿದು ನೋಡಿ. ಐದಾರು ನಿಮಿಷ ಹಿಡಿದರೆ ಬೇರೊಂದು ಪಾತ್ರೆಯಲ್ಲಿ ಇದನ್ನೇ ಮಾಡಿ. ಅದರಲ್ಲಿ ಬೇಗ ಕುದಿದರೆ ಮೊದಲ ಪಾತ್ರೆಯ ತಳವೇ ಸೋಮಾರಿ.

ಕಡಿಮೆ ಶಕ್ತಿಯಲ್ಲಿ ಇನ್ನೊಂದು ಮೋಸವಿದೆ. ಬಹಳಷ್ಟು ಅಗ್ಗದ ಒಲೆಗಳಿಗೆ 800–1,000 ವ್ಯಾಟ್‌ಗಿಂತ ಕೆಳಗೆ ನಿರಂತರವಾಗಿ ಇಳಿಯಲು ಬರುವುದಿಲ್ಲ. 300 ಎಂದು ಒತ್ತಿದರೆ ಅದು 1,000 ವ್ಯಾಟ್‌ನಲ್ಲಿ ಮೂರು ಸೆಕೆಂಡ್ ಉರಿದು ಏಳು ಸೆಕೆಂಡ್ ಸುಮ್ಮನಿರುತ್ತದೆ. ಸರಾಸರಿ 300 ಆಯಿತಲ್ಲ! ಸಾರು ಕುದಿದು ನಿಂತು, ಮತ್ತೆ ಕುದಿದು ನಿಂತು ಮಾಡುತ್ತಿದ್ದರೆ ಇದೇ ಕಾರಣ. ತೆಳು ಪಾತ್ರೆಯಲ್ಲಿ ಆ ಮೂರು ಸೆಕೆಂಡಿನ ಹೊಡೆತಕ್ಕೆ ಗಟ್ಟಿ ಪದಾರ್ಥ ತಳ ಹಿಡಿಯುತ್ತದೆ. ದಪ್ಪ ತಳ ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಅದಿಲ್ಲದಿದ್ದರೆ ಪಾತ್ರೆಯನ್ನು ನೀರಿರುವ ಇನ್ನೊಂದು ಪಾತ್ರೆಯೊಳಗೆ ಇಟ್ಟು ಬೇಯಿಸಿ. ಚಾಕೊಲೇಟ್ ಕರಗಿಸಲು, ಮೊಟ್ಟೆ ಸೇರಿಸಿದ ಹಾಲು ಗಟ್ಟಿ ಮಾಡಲು ಅದೇ ಸುರಕ್ಷಿತ ದಾರಿ.

ಹಾಲು ಕಾಯಿಸುವುದು ಹೀಗೆ. 1 ಲೀಟರಿಗೆ 18 ಸೆಂ.ಮೀ. ಅಗಲದ ದಪ್ಪ ತಳದ ಪಾತ್ರೆ, 1,000 ವ್ಯಾಟ್, ಅದಕ್ಕಿಂತ ಹೆಚ್ಚು ಬೇಡ. ಹಾಲಿನ ಸೀರಂ ಪ್ರೋಟೀನು ಸುಮಾರು 70 ಡಿಗ್ರಿಯಿಂದ ರಚನೆ ಕಳೆದುಕೊಂಡು ಬಿಸಿ ಲೋಹಕ್ಕೆ ಅಂಟತೊಡಗುತ್ತದೆ. ಒಟ್ಟು ಹಾಲು ಇನ್ನೂ ಬೆಚ್ಚಗಿರುವಾಗಲೇ ತಳ ಆ ಮಟ್ಟ ದಾಟಿರುತ್ತದೆ. ಆದ್ದರಿಂದ ಮೊದಲಿನಿಂದಲೇ ಚಪ್ಪಟೆ ಮರದ ಸೌಟಿನಿಂದ ತಳವನ್ನು ಅರ್ಧ ನಿಮಿಷಕ್ಕೊಮ್ಮೆ ಕೆರೆದಂತೆ ತಿರುವಿ. ಫ್ರಿಜ್ಜಿನಿಂದ ತೆಗೆದ ಹಾಲಲ್ಲದಿದ್ದರೆ ಆರೇಳು ನಿಮಿಷದಲ್ಲಿ ಉಕ್ಕುತ್ತದೆ. ಉಕ್ಕು ಏರಿದಾಗ ಆಫ್ ಒತ್ತಿದರೆ ಸಾಕು, ಕಾದ ಕಾಯಿಲ್ ಒಲೆಯಂತೆ ಶಾಖ ಉಳಿಸಿಕೊಂಡು ಮತ್ತೆ ತಳ್ಳುವ ಬುದ್ಧಿ ಇದಕ್ಕಿಲ್ಲ.

ಕುಕ್ಕರಿನಲ್ಲಿ ಕೂಗು ಎಣಿಸುವ ಅಭ್ಯಾಸ ಈ ಒಲೆಗೆ ಹೊಂದುವುದಿಲ್ಲ. 2,000 ವ್ಯಾಟ್‌ನಲ್ಲಿ ಇಟ್ಟರೆ ಕೂಗುಗಳು ಒಂದರ ಹಿಂದೊಂದು ಬಂದುಬಿಡುತ್ತವೆ, ಒಳಗೆ ಕಾಳು ಬೆಂದೇ ಇರುವುದಿಲ್ಲ. ಬೇಯಿಸುವುದು ಸಮಯ ಮತ್ತು ಒಳಗಿನ ಸುಮಾರು 120 ಡಿಗ್ರಿ ಶಾಖ, ಕೂಗಲ್ಲ. 1,200–1,400ರಲ್ಲಿ ಶುರು ಮಾಡಿ, ಮೊದಲ ಕೂಗು ಬಂದೊಡನೆ 500ರ ಆಸುಪಾಸಿಗೆ ಇಳಿಸಿ, ಅಲ್ಲಿಂದ ನಿಮಿಷ ಎಣಿಸಿ. ಗಟ್ಟಿ ಗ್ರೇವಿ ಇದ್ದರೆ ತಳದಲ್ಲಿ ಮೊದಲು ನೀರು, ಮೇಲೆ ಮಸಾಲೆ ಹಾಕಿ. ಇಲ್ಲದಿದ್ದರೆ ಹಬೆ ಹುಟ್ಟುವ ಮೊದಲೇ ಸೀಯುತ್ತದೆ.

ಎಣ್ಣೆ, ನಾನ್‌ಸ್ಟಿಕ್, ಮತ್ತು ಡಿಗ್ರಿ ತೋರಿಸುವ ಬಟನ್

‘180°’ ಎಂದು ತೋರಿಸುವ ಅಂಕಿ ಎಣ್ಣೆಯದಲ್ಲ. ತಾಪ ಅಳೆಯುವ ಪುಟ್ಟ ಸೆನ್ಸರ್ ಸುರುಳಿಯ ನಡುವೆ, ಗಾಜಿನ ಅಡಿಯಲ್ಲಿ ಕೂತಿರುತ್ತದೆ. ಗಾಜು ಬಿಸಿಯಾದ ಮೇಲಷ್ಟೇ ಅದಕ್ಕೆ ಸುದ್ದಿ ಮುಟ್ಟುತ್ತದೆ, ಅದೂ ಅತಿ ಹೆಚ್ಚು ಕಾಯುವ ಉಂಗುರದಿಂದ ದೂರದಲ್ಲಿ. ಕರಿಯುವಾಗ ಅಡುಗೆ ಥರ್ಮಾಮೀಟರನ್ನು ಎಣ್ಣೆಯಲ್ಲೇ ಅದ್ದಿ ನೋಡುವುದು ಒಂದೇ ನಂಬಿಕೆಯ ದಾರಿ. ತಳ ನೆನೆಯುವಷ್ಟೇ ಎಣ್ಣೆ ಹಾಕಿ ಪೂರ್ತಿ ಶಕ್ತಿ ಕೊಟ್ಟು ಬೇರೆ ಕೆಲಸಕ್ಕೆ ಹೋಗುವುದು ಬೆಂಕಿಗೆ ಆಹ್ವಾನ. ಎಣ್ಣೆ ಹೊತ್ತಿಕೊಳ್ಳುವಷ್ಟು ಕಾಯುವುದಕ್ಕೂ ಸೆನ್ಸರ್ ಎಚ್ಚರಗೊಳ್ಳುವುದಕ್ಕೂ ನಡುವಿನ ಅಂತರ ತೀರಾ ಸಣ್ಣದು.

ನಾನ್‌ಸ್ಟಿಕ್ ಬಾಣಲೆಯ ಪಿಟಿಎಫ್‌ಇ (ಟೆಫ್ಲಾನ್) ಲೇಪ 260 ಡಿಗ್ರಿ ದಾಟಿದರೆ ಹಾಳಾಗತೊಡಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಸಾಕಿದ ಹಕ್ಕಿಗಳ ಪ್ರಾಣ ತೆಗೆಯಬಲ್ಲದು. ಖಾಲಿ ಬಾಣಲೆ ಪೂರ್ತಿ ಶಕ್ತಿಯಲ್ಲಿ ಆ ಮಟ್ಟ ತಲುಪಲು ಹೆಚ್ಚು ಹೊತ್ತು ಬೇಡ. ಮೊದಲು ಎಣ್ಣೆ ಹಾಕಿ, ಆಮೇಲೆ ಒಲೆ ಹಚ್ಚಿ, 800 ವ್ಯಾಟ್ ದಾಟಬೇಡಿ. ಸ್ಟೀಲ್ ಬಾಣಲೆಗೆ ಇದು ತಿರುವುಮುರುವು: ಮಧ್ಯಮ ಶಕ್ತಿಯಲ್ಲಿ ಎರಡು ನಿಮಿಷ ಕಾಯಿಸಿ, ನೀರಿನ ಹನಿ ಚುಯ್ ಎನ್ನದೆ ಗೋಲಿಯಂತೆ ಉರುಳಿದರೆ ಎಣ್ಣೆ ಹಾಕಿ. ಕಾದ ಬಾಣಲೆಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ತಳ ಸೊಟ್ಟಗಾಗುವುದು ಹೆಚ್ಚಾಗಿ ಹೀಗೆಯೇ.

ಒಲೆಯ ಆರೈಕೆ

2,000 ವ್ಯಾಟ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಷ್ಟು ತಡೆಯುವ ಸಾಕೆಟ್ಟಿಗೆ ನೇರವಾಗಿ ಹಾಕಿ, ತೆಳು ಎಕ್ಸ್‌ಟೆನ್ಷನ್ ವೈರಿಗೆ ಬೇಡ. ಅರ್ಧ ಗಂಟೆ ಅಡುಗೆಯಾದ ಮೇಲೆ ಪ್ಲಗ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ಸಾಕೆಟ್ ಸಡಿಲವಾಗಿದೆ.

ನಡುವೆ ಆಫ್ ಆಗುವ ಒಲೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಗಾಳಿ. ಫ್ಯಾನ್ ಅಡಿಯಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ಒಲೆಯಡಿ ಬಟ್ಟೆ, ಪೇಪರ್ ಹಾಸಿದರೆ, ಗೋಡೆಗೆ ಒತ್ತಿಟ್ಟರೆ ಸುರುಳಿಗೆ ವಿದ್ಯುತ್ ಹರಿಸಿ ನಿಲ್ಲಿಸುವ ಒಳಗಿನ ಐಜಿಬಿಟಿ ಟ್ರಾನ್ಸಿಸ್ಟರ್ ಕಾದು ಒಲೆ ನಿಲ್ಲುತ್ತದೆ. ಹಿಂದೆ 10 ಸೆಂ.ಮೀ. ಜಾಗ ಬಿಡಿ, ತಿಂಗಳಿಗೊಮ್ಮೆ ಪ್ಲಗ್ ತೆಗೆದು ಅಡಿಯ ಜಾಲರಿಯ ಎಣ್ಣೆಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಅಡುಗೆ ಮುಗಿದೊಡನೆ ಗೋಡೆಯ ಸ್ವಿಚ್ ಆರಿಸಬೇಡಿ, ಫ್ಯಾನ್ ತಾನಾಗಿ ನಿಲ್ಲಲಿ.

ಗುಂಯ್ ಸದ್ದಿಗೆ ಹೆದರುವುದು ಬೇಡ. ಪದರಪದರವಾದ ತಳ, ಸಡಿಲ ಹಿಡಿಕೆ ಕಂಪಿಸುವ ಸದ್ದು ಅದು. ಶಕ್ತಿ ಸ್ವಲ್ಪ ಇಳಿಸಿದರೆ ಅಥವಾ ಪಾತ್ರೆ ತುಂಬಿದರೆ ಕಡಿಮೆಯಾಗುತ್ತದೆ. ‘ರೇಡಿಯೇಶನ್‌ನಿಂದ ಅಡುಗೆ ಕೆಡುತ್ತದೆ’ ಎನ್ನುವುದು ಬರೀ ಗಾಳಿಮಾತು. ಬೇಯುವುದು ಬಿಸಿ ಲೋಹದಿಂದಲೇ. ಪೇಸ್‌ಮೇಕರ್ ಇರುವವರ ವಿಷಯ ಬೇರೆ: ಒಲೆಗೂ ಸಾಧನಕ್ಕೂ ಕನಿಷ್ಠ 60 ಸೆಂ.ಮೀ. ಅಂತರ ಇರಲಿ, ಬಳಸುವ ಮೊದಲು ವೈದ್ಯರನ್ನು ಕೇಳಲಿ.

ಗಾಜಿನ ಮೇಲೆ ಸಕ್ಕರೆ ಪಾಕ ಚೆಲ್ಲಿದರೆ ಮಾತ್ರ ಆರಲು ಬಿಡದೆ, ಒಲೆ ಆರಿಸಿ, ಬಿಸಿಯಿದ್ದಾಗಲೇ ಬ್ಲೇಡ್ ಸ್ಕ್ರೇಪರಿನಿಂದ ಓರೆಯಾಗಿ ತೆಗೆಯಿರಿ. ಆರಿದ ಪಾಕ ಗಾಜಿನ ಮೇಲ್ಪದರವನ್ನೇ ಕಿತ್ತುಕೊಂಡು ಬರುತ್ತದೆ. ಉಳಿದ ಕಲೆಗಳಿಗೆ ತಣ್ಣಗಾದ ಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕೂದಲೆಳೆಯಷ್ಟು ಬಿರುಕು ಕಂಡರೂ ಪ್ಲಗ್ ತೆಗೆದು ರಿಪೇರಿಗೆ ಕೊಡಿ, ಅದರೊಳಗೆ ಇಳಿದ ನೀರು ನೇರ ಸುರುಳಿಗೆ ಹೋಗುತ್ತದೆ.

ಹೊಸ ಒಲೆ ಕೊಳ್ಳುವವರು ‘2,200 ವ್ಯಾಟ್’ ಎಂಬ ದೊಡ್ಡ ಅಂಕಿಗೆ ಮರುಳಾಗುವುದಕ್ಕಿಂತ ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ, ಪಾತ್ರೆಯಲ್ಲಿ ಕುದಿಸಿ, ಆಮೇಲೆ ಅತಿ ಕಡಿಮೆ ಮಟ್ಟಕ್ಕೆ ಇಳಿಸಿ ನೋಡಿ. ಗುಳ್ಳೆಗಳು ಸಣ್ಣದಾಗಿ ಒಂದೇ ಸಮನೆ ಬರುತ್ತಿದ್ದರೆ ಆ ಒಲೆ ತನ್ನಿ, ಬಂದು ನಿಂತು ಮಾಡಿದರೆ ಮುಂದಿನ ಮಾದರಿ ತೋರಿಸಲು ಹೇಳಿ.