ಮರದ ಪಟ್ಟಿಯ ಮೇಲೆ ರೂನ್ ಲಿಪಿಯಲ್ಲಿ ಹೆಸರು ಕೆತ್ತುವ ಬಗೆ

ರೂನ್ ಮೊದಲು ಅಕ್ಷರ, ಮಂತ್ರತಂತ್ರ ಆಮೇಲೆ. ಸತ್ತವರ ನೆನಪಿನ ಕಲ್ಲಿಗೂ ಬಾಚಣಿಗೆ ಮಾಡಿದವನ ಹೆಸರಿಗೂ ಉತ್ತರ ಯುರೋಪಿನ ಕಡಲಯಾನಿಗಳಾದ ವೈಕಿಂಗರು ಬಳಸಿದ್ದು ಇದನ್ನೇ. ಡೆನ್ಮಾರ್ಕಿನ ಯೆಲ್ಲಿಂಗ್‌ನಲ್ಲಿ ಅರಸ ಹರಾಲ್ಡ್ ತಂದೆತಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಇಂದಿಗೂ ಇದೆ. ಪ್ರತಿ ರೂನ್‌ಗೂ ಹೆಸರುಂಟು: ‘ಫೇ’ ಅಂದರೆ ದನ, ಸಂಪತ್ತು, ‘ಈಸ್’ ಮಂಜುಗಡ್ಡೆ, ‘ಸೋಲ್’ ಸೂರ್ಯ. ಭವಿಷ್ಯ ಹೇಳಲು ಮಾರುವ 24 ರೂನ್‌ಗಳು ಇನ್ನೂ ಹಳೆಯ ಸಾಲಿನವು. ವೈಕಿಂಗರ ಕಾಲಕ್ಕೆ, ಸುಮಾರು 800ರಿಂದ 1100ರವರೆಗೆ, ಉಳಿದದ್ದು 16.

ಹೆಸರನ್ನು ಉಚ್ಚಾರದಂತೆ ಬಿಡಿಸಿ. ಕ, ಗಗಳಿಗೆ ಒಂದೇ ರೂನ್. ತ, ದಗಳಿಗೆ ಒಂದು. ಪ, ಬಗಳಿಗೆ ಒಂದು. ಎ, ಇ ಎರಡಕ್ಕೂ ‘ಇ’. ಒ, ಉ, ವಗಳಿಗೆ ‘ಉ’. ಒತ್ತಕ್ಷರ ಇಲ್ಲ, ದ್ವಿತ್ವವನ್ನು ಒಮ್ಮೆ ಬರೆದರೆ ಸಾಕು. ಹಾಗಾಗಿ ಬಸಪ್ಪ ‘ಬ್-ಅ-ಸ್-ಅ-ಬ್-ಅ’, ದೇವಕಿ ‘ತ್-ಇ-ಉ-ಅ-ಕ್-ಇ’. ವ್ಯಂಜನದೊಳಗೆ ಅಡಗಿರುವ ‘ಅ’ಕಾರವನ್ನು ಬರೆಯಲು ಮರೆಯುವವರೇ ಹೆಚ್ಚು. ಚ, ಜಗಳಿಗೆ ‘ತ್-ಸ್’ ಜೋಡಿಸಬಹುದು. ಇದು ನಮ್ಮ ಹೊಂದಾಣಿಕೆ, ಅವರದಲ್ಲ. ಇನಿಶಿಯಲ್ ಎಸ್.ಎಸ್. ಆಗಿದ್ದರೆ ಬಿಟ್ಟುಬಿಡಿ: ಜೋಡಿ ‘ಸೋಲ್’ ನಾತ್ಸಿಗಳ ಗುರುತಾಗಿ ಕೆಟ್ಟುಹೋಗಿದೆ.

ಪುಣೆಯಲ್ಲಿದ್ದರೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ಗಂಟಿಲ್ಲದ ಪೈನ್ ತುಂಡು ಕೇಳಿ: 15 ಸೆಂ.ಮೀ. ಉದ್ದ, 3 ಅಗಲ, 1 ದಪ್ಪ. ಸಾಗವಾನಿ ಚೆಂದ, ಆದರೆ ಚಾಕುವಿನ ಮೊನೆ ಬೇಗ ಮೊಂಡಾಗುತ್ತದೆ. ಮರದ ಎಳೆ ಉದ್ದಕ್ಕೆ ಓಡಬೇಕು. ರೂನ್‌ಗಳಲ್ಲಿ ಅಡ್ಡಗೆರೆ ಇಲ್ಲದ್ದಕ್ಕೆ ಕಾರಣ ಇಲ್ಲೇ ಇದೆ: ಎಳೆಯ ಗುಂಟ ಕೊರೆದ ಗೆರೆ ಎಳೆಯಲ್ಲೇ ಮುಚ್ಚಿಹೋಗುತ್ತದೆ, ಇಲ್ಲವೇ ಮರ ಸೀಳುತ್ತದೆ.

ಪೆನ್ಸಿಲಿನಲ್ಲಿ 2 ಸೆಂ.ಮೀ. ಎತ್ತರದ ಕಂಬಗಳನ್ನು, ಅಂದರೆ ರೂನ್‌ನ ನೆಟ್ಟಗಿನ ಗೆರೆಗಳನ್ನು, 12 ಮಿ.ಮೀ. ಅಂತರದಲ್ಲಿ ಎಳೆಯಿರಿ. ಕಂಬವನ್ನು ಓರೆಯಾಗಿ ಹಾಯುವ ಗೆರೆ, ಅಂದರೆ ಕೊಂಬೆ, ಎಡದಿಂದ ಬಲಕ್ಕೆ ಏರಿದರೆ ‘ಅ’, ಇಳಿದರೆ ‘ನ’. ಕೊರೆಯುವ ಮುಂಚೆ ಇದೊಂದನ್ನು ಎರಡು ಸಲ ನೋಡಿ. ಮೊದಲು ಕಂಬ: ಎರಡೂ ಬದಿಯಿಂದ ಓರೆಯಾಗಿ ಕೊಯ್ದು 2 ಮಿ.ಮೀ. ಆಳದ ತೋಡು ತೆಗೆಯಿರಿ. ಆಮೇಲೆ ಕೊಂಬೆ, ಚಾಕುವನ್ನು ಕಂಬದಿಂದ ಹೊರಕ್ಕೆ ಎಳೆಯಿರಿ. ಕಂಬದ ಕಡೆಗೆ ಎಳೆದರೆ ಅದರ ಅಂಚು ಚಕ್ಕೆ ಏಳುತ್ತದೆ.

ಬಣ್ಣಕ್ಕೆ ಕಾವಿಪುಡಿಯನ್ನು ಅಗಸೆಯೆಣ್ಣೆಯಲ್ಲಿ ಕಲಸಿ. ವೈಕಿಂಗರೂ ರೂನ್‌ಗಳಿಗೆ ಕೆಂಪು ತುಂಬುತ್ತಿದ್ದರು. ಬಣ್ಣ ತುಂಬುವ ಮೊದಲು ಒಂದು ಕೈ ಫ್ರೆಂಚ್ ಪಾಲಿಷ್ ಕೊಡದಿದ್ದರೆ ಬಣ್ಣ ಎಳೆಗುಂಟ ಹರಡಿ ಅಕ್ಷರ ಕೆಡುತ್ತದೆ. ಮಳೆಗಾಲದಲ್ಲಿ ಒಣಗಲು ವಾರಕ್ಕೂ ಹೆಚ್ಚು ಹಿಡಿಯಬಹುದು. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಾಲ್ಕನಿಯಲ್ಲಿ ಹರಡಿ ಒಣಗಿಸಿ.